ಲೆಕ್ಕ ಬರುವ ಹುಡುಗನಿಗೆ ಓಣಿಯ ಕಾಟ

ದಾವಣಗೆರೆ: ಮಂಡಕ್ಕಿ ಭಟ್ಟಿಗಳ ಕಡೆಯ ಒಂದು ಓಣಿ. ಓಣಿಯ ಬಾಯಿಗೇ ಒಂದು ಕಿರಾಣಿ ಅಂಗಡಿ. ಸಂಜೆ ಐದೂವರೆಯ ಹೊತ್ತಿಗೆ ಭಟ್ಟಿ ಕೆಲಸ ಬಿಟ್ಟವರು, ಸಿಟಿ ಬಸ್ಸಿಳಿದು ಬಂದವರು, ಬೀಡಿ ಬೆಂಕಿಪೊಟ್ಟಣಕ್ಕೆ ನಿಂತವರು ಎಲ್ಲ ಸೇರಿ ಅಂಗಡಿ ಕಟ್ಟೆ ಗಿಜಿಗಿಜಿ. ಅಲ್ಲಿಗೆ ಕಾಲು ಕೆಜಿ ಸಕ್ಕರೆಗೆಂದು ಹತ್ತು ವರ್ಷದ ಒಬ್ಬ ಹುಡುಗ ಬರುತ್ತಿದ್ದ.

"ಬಾರಪ್ಪಾ ಬೃಹಸ್ಪತಿ. ಹದಿನೇಳೂವರೆ ಕೆಜಿ ಅಕ್ಕಿ, ಕೆಜಿಗೆ ಐವತ್ತೆರಡು. ಎಷ್ಟಾತು?"

"ಒಂಬೈನೂರ ಹತ್ತು."

ಅಂಗಡಿಯವರು ಮೊಬೈಲ್ ಒತ್ತಿ ನೋಡಿ, ಅದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿಯುತ್ತಿದ್ದರು. ಕಟ್ಟೆ ಮೇಲೆ ಕೂತವರು ಹೋ ಎನ್ನುತ್ತಿದ್ದರು. ಹುಡುಗನ ಕೈಗೆ ಎರಡು ಪೆಪ್ಪರಮೆಂಟು. ಇದು ಕಳೆದ ಜೂನ್‌ನಲ್ಲಿ ಶಾಲೆ ಬಾಗಿಲು ತೆಗೆದಾಗ ಶುರುವಾದ ಆಟ. ಯಾರಿಗೂ ಇದರಲ್ಲಿ ತಪ್ಪು ಕಾಣಲಿಲ್ಲ. ಹುಡುಗನಿಗೂ ಮೊದಮೊದಲು ಖುಷಿಯೇ.

ಆದರೆ ಅದೇ ಕಟ್ಟೆಯ ಕೆಳಗೆ ಓಣಿಯ ಉಳಿದ ಹುಡುಗರೂ ನಿಂತಿರುತ್ತಿದ್ದರು. ಎಂಟನೇ ಕ್ಲಾಸಿನವ ಒಬ್ಬ, ಏಳನೆಯವರು ಇಬ್ಬರು, ಆರನೆಯವರು ಇಬ್ಬರು. ಅವರ ಅಪ್ಪಂದಿರು ಕಟ್ಟೆ ಮೇಲೆ. ಲೆಕ್ಕ ಸರಿ ಬಂದ ಕೂಡಲೇ ಒಬ್ಬರಲ್ಲ ಒಬ್ಬರು ತಮ್ಮ ಮಗನ ತಲೆಗೆ ಒಂದು ಮೊಟಕುತ್ತಿದ್ದರು. "ನೋಡಲೇ, ನಿನ್ನ ಭುಜದಷ್ಟೂ ಇಲ್ಲ ಅವ್ನು. ಅವನ ಕಾಲು ತೊಳ್ದ ನೀರು ಕುಡಿ, ಆಗಾದ್ರೂ ಬುದ್ಧಿ ಬಂದೀತು."

ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದು ತಿರುಗಿ ಬರುತ್ತದೆ.

ಹುಡುಗನ ಹೆಸರಾಗಲಿ, ಓಣಿಯ ಹೆಸರಾಗಲಿ, ಶಾಲೆಯ ಹೆಸರಾಗಲಿ ಇಲ್ಲಿ ಬೇಡ. ಅವನು ಇನ್ನೂ ಅದೇ ಓಣಿಯಲ್ಲಿ ಬಾಳಬೇಕು. ಅವನ ತಾಯಿ ಭಟ್ಟಿಯಲ್ಲಿ ಕೂಲಿಗೆ ಹೋಗುತ್ತಾರೆ. ಕಾದ ಮರಳಿನಲ್ಲಿ ಅಕ್ಕಿ ಅರಳಿ ಮಂಡಕ್ಕಿಯಾಗುವ ಜಾಗ. ಆ ಹೊಗೆ, ಆ ಸೆಕೆ ನಿಂತವರಿಗೇ ಗೊತ್ತು. ತಂದೆಗೆ ಲಗೇಜ್ ಆಟೋ. ಮನೆಯಲ್ಲಿ ಓದಿದವರಿಲ್ಲ. ಹುಡುಗನಿಗೆ ಈ ಲೆಕ್ಕ ಎಲ್ಲಿಂದ ಬಂತು ಎಂದರೆ ತಂದೆ ಮೇಲೆ ನೋಡುತ್ತಾರೆ, ತಾಯಿ ನಗುತ್ತಾರೆ. ಮೂರು ವರ್ಷದವನಿದ್ದಾಗ ಆಟೋಗಳ ನಂಬರ್ ಪ್ಲೇಟಿನ ಅಂಕಿ ಕೂಡಿಸಿ ಹೇಳುತ್ತಿದ್ದನಂತೆ.

ಮೊದಲು ಬಂದದ್ದು ಅಡ್ಡ ಹೆಸರು. ಕ್ಯಾಲ್ಕುಲೇಟರ್ ಎಂದರು. ಆಮೇಲೆ ಅದು ಮೊಟಕಾಗಿ 'ಕ್ಯಾಲಿ' ಆಯಿತು. ಇದರಲ್ಲಿ ಏನು ಮಹಾ ಎನ್ನಬಹುದು. ಓಣಿಯಲ್ಲಿ ಅಡ್ಡ ಹೆಸರಿಲ್ಲದವರು ಯಾರಿದ್ದಾರೆ? ಆಮೇಲೆ ಕ್ರಿಕೆಟ್ಟಿಗೆ ಕರೆಯುವುದು ನಿಂತಿತು. ಆಮೇಲೆ ಚಪ್ಪಲಿ ತಗಡಿನ ಮೇಲೆ ಹೋಯಿತು. ಪಾಟಿಚೀಲ ಚರಂಡಿಗೆ ಬಿತ್ತು. ಪುಸ್ತಕ ಒಣಗಿಸಲು ತಾಯಿ ಕೇಳಿದಾಗ "ನಾನೇ ಬೀಳಿಸ್ಕೊಂಡೆ" ಎಂದ.

ಗಣಪತಿ ಬಿಟ್ಟ ಮರುವಾರ ಸಂಜೆ ಐದು ಹುಡುಗರು ಇವನನ್ನು ಬೀದಿ ನಲ್ಲಿಯ ಹತ್ತಿರ ಹಿಡಿದರು. ಒಬ್ಬ ಕೈ ಹಿಂದಕ್ಕೆ ಕಟ್ಟಿ ಹಿಡಿದ. ಒಬ್ಬ ಚೊಂಬು ತಂದ. ಇವನ ಕಾಲ ಮೇಲೆ ನೀರು ಸುರಿದು, ಆ ನೀರನ್ನು ಕೆಳಗೆ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಿಡಿದರು. "ನಮ್ಮಪ್ಪ ಕುಡಿ ಅಂತಾನೆ. ನಾವ್ಯಾಕೆ ಕುಡಿಬೇಕು? ನೀನೇ ಕುಡಿ, ಇನ್ನೂ ಬುದ್ಧಿ ಬರ್ತೈತೆ." ಮೂಗು ಹಿಡಿದು ಕುಡಿಸಿದರು.

ಕಟ್ಟೆ ಮೇಲಿನ ದೊಡ್ಡವರು ತಮಾಷೆಗೆ ಆಡಿದ ಮಾತನ್ನು ಕೆಳಗಿನ ಚಿಕ್ಕವರು ಚಾಚೂ ತಪ್ಪದೆ ನಡೆಸಿಕೊಟ್ಟರು.

*ಒಂದು ಕೊಟ್ಟು ಬಾ*

ಹುಡುಗ ಇದನ್ನು ಮನೆಯಲ್ಲಿ ಹೇಳಲಿಲ್ಲ. ಹೇಳಿದವಳು ಓಣಿಯ ಒಂದು ಹುಡುಗಿ, ಏಳನೇ ಕ್ಲಾಸು. ಅವಳು ನೀರಿಗೆ ಬಂದವಳು, ಕೊಡ ಹಿಡಿದುಕೊಂಡು ಅಲ್ಲೇ ನಿಂತು ನೋಡಿದ್ದಳು. ಎರಡು ದಿನ ಬಾಯಿ ಬಿಡಲಿಲ್ಲ. ಮೂರನೇ ದಿನ ಅವಳೇ ಹುಡುಗನ ತಾಯಿಯ ಹತ್ತಿರ ಹೋಗಿ "ಅತ್ತೆ, ಒಂದ್ ಮಾತು" ಎಂದಳು.

ತಂದೆಗೆ ತಿಳಿದಾಗ ಅವರು ಮಾಡಿದ್ದು ಯಾವ ತಂದೆಯೂ ಮಾಡುವಂಥದ್ದೇ. "ಗಂಡಸಲ್ವೇನಲೇ ನೀನು? ಒಂದು ಕೊಟ್ಟು ಬಾ. ಆಮೇಲೆ ಯಾವನೂ ಮುಟ್ಟಲ್ಲ."

ಹುಡುಗ ಅಪ್ಪನ ಮಾತು ಮೀರುವವನಲ್ಲ. ಒಂದು ಕೊಟ್ಟ. ವಾಪಸು ಬಂದದ್ದು ಐದು. ತುಟಿ ಒಡೆದು ಮನೆಗೆ ಬಂದ.

ಇಂಗ್ಲೆಂಡಿನ ಐಸಾಕ್ ನ್ಯೂಟನ್ ವಿಷಯದಲ್ಲಿ ಒಂದು ಕಥೆಯಿದೆ. ಗ್ರ್ಯಾಂಥಂ ಊರಿನ ಶಾಲೆಯಲ್ಲಿ ಓದುವಾಗ ಒಬ್ಬ ಹುಡುಗ ಅವನ ಹೊಟ್ಟೆಗೆ ಒದ್ದನಂತೆ. ಶಾಲೆ ಬಿಟ್ಟ ಮೇಲೆ ನ್ಯೂಟನ್ ಅವನನ್ನು ಚರ್ಚಿನ ಅಂಗಳಕ್ಕೆ ಕರೆದು, ಸೋಲಿಸಿ, ಅವನ ಮೂಗನ್ನು ಗೋಡೆಗೆ ಉಜ್ಜಿದನಂತೆ. ಆಮೇಲೆ ಓದಿನಲ್ಲೂ ಅವನನ್ನು ಹಿಂದೆ ಹಾಕಿ ಶಾಲೆಗೇ ಮೊದಲಿಗನಾದನಂತೆ. ಕೇಳಲು ಚೆನ್ನಾಗಿದೆ. ಅಪ್ಪಂದಿರಿಗೆಲ್ಲ ಇಂಥ ಕಥೆ ಇಷ್ಟ. ಆದರೆ ನ್ಯೂಟನ್ ಎದುರು ನಿಂತವನು ಒಬ್ಬನೇ ಒಬ್ಬ. ನಮ್ಮ ಓಣಿಗಳಲ್ಲಿ ಯಾವನೂ ಒಬ್ಬನೇ ಬರುವುದಿಲ್ಲ.

ತಾಯಿ ಬೇರೆ ದಾರಿ ಹಿಡಿದರು. ನಲ್ಲಿಯ ಹತ್ತಿರ ನಿಂತು ಇಡೀ ಓಣಿಗೆ ಕೇಳುವಂತೆ ಬೈದರು. ಆ ಐದು ಮನೆಯ ಹೆಂಗಸರೂ ಹೊರಗೆ ಬಂದರು. ಅರ್ಧ ಗಂಟೆ ಕೂಗಾಟ. ಮಾರನೇ ದಿನದಿಂದ ಹುಡುಗನಿಗೆ ಇನ್ನೊಂದು ಹೆಸರು ಬಂತು: 'ಅವ್ವನ ಸೆರಗು'. ಕೊನೆಗೆ ಅವರು ಅವನನ್ನು ಹೊರಗೆ ಬಿಡುವುದನ್ನೇ ನಿಲ್ಲಿಸಿದರು. ಶಾಲೆ, ಮನೆ, ಮನೆ, ಶಾಲೆ. ಸಕ್ಕರೆ ತರಲೂ ಅವರೇ ಹೋದರು. ತುಟಿ ವಾಸಿಯಾಯಿತು. ಓಣಿಯಲ್ಲಿ ಸದ್ದಡಗಿತು. ಎಲ್ಲ ಸರಿಹೋಯಿತೆಂದೇ ಎಲ್ಲರ ಲೆಕ್ಕ.

*ಒಂದೊಂದೇ ಹೆಚ್ಚು*

ಸರಿಹೋಗಿಲ್ಲ ಎಂಬುದು ಮೊದಲು ಗೊತ್ತಾದದ್ದು ಶಾಲೆಯ ಟೀಚರಿಗೆ. ಗಣಿತದ ಕಿರುಪರೀಕ್ಷೆಯಲ್ಲಿ ಹುಡುಗ ಎಲ್ಲ ಪ್ರಶ್ನೆಗೂ ಉತ್ತರ ಬರೆದಿದ್ದ, ಎಲ್ಲವೂ ತಪ್ಪು. ಸೊನ್ನೆ. ಟೀಚರ್ ಮೊದಲು ಸಿಟ್ಟಾದರು. ಆಮೇಲೆ ಮನೆಗೆ ಒಯ್ದು ರಾತ್ರಿ ಮತ್ತೆ ತೆಗೆದು ನೋಡಿದರು. ಮೂವತ್ತಾರನ್ನು ಇಪ್ಪತ್ತೈದರಿಂದ ಗುಣಿಸಿದರೆ 900. ಅವನು 901 ಬರೆದಿದ್ದ. ಸಾವಿರದ ಎಂಟನ್ನು ಹನ್ನೆರಡರಿಂದ ಭಾಗಿಸಿದರೆ 84, ಅವನದು 85. 625ಕ್ಕೆ 389 ಕೂಡಿಸಿದರೆ 1014, ಅವನದು 1015. ಹಾಳೆ ಪೂರ್ತಿ ಹೀಗೇ. ಒಂದೊಂದೇ ಹೆಚ್ಚು.

ಪ್ರತಿ ಸಲ ಸರಿ ಉತ್ತರ ಗೊತ್ತಿಲ್ಲದೆ ಹೀಗೆ ತಪ್ಪು ಬರೆಯುವುದು ಸಾಧ್ಯವೇ ಇಲ್ಲ.

ಮರುದಿನ ಊಟದ ಬಿಡುವಿನಲ್ಲಿ ಒಬ್ಬನನ್ನೇ ಕರೆದು ಕೇಳಿದರು. ಬಹಳ ಹೊತ್ತು ನೆಲ ನೋಡಿದ. ಆಮೇಲೆ ಹೇಳಿದ: "ಸರಿ ಬರೆದ್ರೆ ನೀವು ಎಲ್ಲರ ಮುಂದೆ ಓದಿ ಹೇಳ್ತೀರಿ ಮಿಸ್."

ಆ ಟೀಚರ್ ದೊಡ್ಡವರು. ಮಾತನ್ನು ಹುಡುಗನ ಮೇಲೆ ತಿರುಗಿಸಲಿಲ್ಲ. ತಾವೂ ಅಂಗಡಿ ಕಟ್ಟೆಯ ಕೆಲಸವನ್ನೇ ತರಗತಿಯಲ್ಲಿ ಮಾಡುತ್ತಿದ್ದೆವು ಎಂದು ಅವರಿಗೆ ಹೊಳೆಯಿತು. ಅಂಕ ಬಂದಾಗ ಅವನ ಹೆಸರು ಮೊದಲು ಕೂಗುವುದು, ಉಳಿದವರ ಹೋಂವರ್ಕ್ ಅವನ ಕೈಲಿ ತಿದ್ದಿಸುವುದು, "ಅವನಿಗೆ ಬರುತ್ತೆ, ನಿಮಗೇನು ರೋಗ" ಎನ್ನುವುದು. ಅಂದಿನಿಂದ ಅದನ್ನೆಲ್ಲ ಬಿಟ್ಟರು. ಅಂಕ ಅವರವರ ಪುಸ್ತಕದಲ್ಲಿ ಅವರವರಿಗೆ. ಇವನಿಗೆ ಬೇರೆ, ಕಠಿಣ ಲೆಕ್ಕಗಳ ಒಂದು ಚೀಟಿ, ಸದ್ದಿಲ್ಲದೆ.

ಇಂಥ ಮಕ್ಕಳ ವಿಷಯ ಹೊಸದಲ್ಲ. ನ್ಯೂಯಾರ್ಕಿನಲ್ಲಿ ಲೀಟಾ ಹಾಲಿಂಗ್‌ವರ್ತ್ ಎಂಬ ಮನಶ್ಶಾಸ್ತ್ರಜ್ಞೆ ಅತಿ ಚುರುಕು ಬುದ್ಧಿಯ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ್ದರು. ಅವರು ತೀರಿಕೊಂಡದ್ದು 1939ರಲ್ಲಿ, ಪುಸ್ತಕ ಹೊರಬಂದದ್ದು 1942ರಲ್ಲಿ. ಅವರು ಕಂಡದ್ದು ಇಷ್ಟು: ಈ ಮಕ್ಕಳ ದೊಡ್ಡ ಕಷ್ಟ ಜಂಬವಲ್ಲ, ಒಂಟಿತನ. ಓರಗೆಯವರಿಗೆ ಇವರ ಆಟ ಅರ್ಥವಾಗುವುದಿಲ್ಲ. ದೊಡ್ಡ ಹುಡುಗರು ಹತ್ತಿರ ಸೇರಿಸುವುದಿಲ್ಲ. ಚಿಕ್ಕ ವಯಸ್ಸಿನಲ್ಲಿ ಇದು ಇನ್ನೂ ಹೆಚ್ಚು.

ಕಾಟ ಕೊಡುವ ಹುಡುಗರನ್ನು ಕುರಿತು ಮೊದಲು ಗಂಭೀರವಾಗಿ ಕೆಲಸ ಮಾಡಿದವರು ನಾರ್ವೆಯ ಬರ್ಗೆನ್‌ನಲ್ಲಿದ್ದ ಡಾನ್ ಓಲ್ವೇಯಸ್. 1982ರ ಕೊನೆಗೆ ಆ ದೇಶದ ಉತ್ತರ ಭಾಗದಲ್ಲಿ ಮೂವರು ಹುಡುಗರು ಜೀವ ಕಳೆದುಕೊಂಡರು. ಓರಗೆಯವರ ಕಾಟವೇ ಕಾರಣವಿರಬೇಕೆಂದು ತಿಳಿದಾಗ ಸರ್ಕಾರವೇ ಎದ್ದು ಕೂತಿತು. 1983ರಲ್ಲಿ ದೇಶದ ಶಾಲೆಗಳಿಗೆಲ್ಲ ಕಾರ್ಯಕ್ರಮ. ಬರ್ಗೆನ್‌ನ 42 ಶಾಲೆಗಳ ಸುಮಾರು 2,500 ಮಕ್ಕಳನ್ನು ಓಲ್ವೇಯಸ್ ಗಮನಿಸಿದರು. ಎರಡು ವರ್ಷದಲ್ಲಿ ಕಾಟ ಅರ್ಧದಷ್ಟು ಇಳಿಯಿತು. ಅವರ ಮಾತಿನಲ್ಲಿ ಜಗಳ ಬೇರೆ, ಕಾಟ ಬೇರೆ. ಸಮಬಲದವರು ಒಂದು ದಿನ ಬಡಿದಾಡಿಕೊಂಡರೆ ಅದು ಜಗಳ. ಬಲವಿರುವವರು ಬಲವಿಲ್ಲದವನ ಮೇಲೆ ಮತ್ತೆ ಮತ್ತೆ ಬಿದ್ದರೆ ಅದು ಕಾಟ. ಜಗಳಕ್ಕೆ ರಾಜಿ ಮಾಡಿಸಬಹುದು. ಕಾಟಕ್ಕೆ ರಾಜಿಯಿಲ್ಲ, ದೊಡ್ಡವರು ಅಡ್ಡ ಬಂದು ನಿಲ್ಲಿಸಬೇಕು. "ಮಕ್ಕಳ ಜಗಳ, ನಮಗ್ಯಾಕೆ" ಎನ್ನುವವರು ಈ ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಾರೆ.

*ಅಂಗಡಿಯವರ ಕಣ್ಣು*

ಟೀಚರ್ ತಾಯಿಯನ್ನು ಕರೆಸಿ ಮಾತಾಡಿದರು. ಒಂದು ಭಾನುವಾರ ಇಬ್ಬರೂ ಕೂಡಿ ಅಂಗಡಿಗೆ ಹೋದರು. ಅಂಗಡಿಯವರಿಗೆ ಅರುವತ್ತರ ಮೇಲೆ. ಒಳ್ಳೆಯ ಮನುಷ್ಯ. ತಿಂಗಳ ಕೊನೆಗೆ ಅರ್ಧ ಓಣಿ ಬದುಕುವುದು ಅವರ ಉದ್ರಿ ಪುಸ್ತಕದ ಮೇಲೆ.

"ಸಾವ್ಕಾರ್ರೆ, ನಮ್ ಹುಡುಗನ್ನ ಲೆಕ್ಕ ಕೇಳೋದು ಬಿಟ್ಟುಬಿಡ್ರಿ" ಎಂದರು ತಾಯಿ.

"ಯಾಕವ್ವಾ? ಹೊಗಳಿದ್ದು ತಪ್ಪಾತಾ?"

ಆಗ ಟೀಚರ್ ಕಾಲು ತೊಳೆದ ನೀರಿನ ವಿಷಯ ಹೇಳಿದರು. ಅಂಗಡಿಯವರಿಗೆ ಅದುವರೆಗೂ ಗೊತ್ತಿರಲಿಲ್ಲ. ನಲ್ಲಿ ಇರುವುದು ಅವರ ಗಲ್ಲಾದಿಂದ ಇಪ್ಪತ್ತು ಹೆಜ್ಜೆ ದೂರ. ಅವರು ತೂಕ ಮಾಡುತ್ತಿದ್ದ ಬೇಳೆಯನ್ನು ಹಾಗೇ ಬಿಟ್ಟು ಕೂತುಬಿಟ್ಟರು. "ನನ್ನ ಕಟ್ಟೆ ಮೇಲಿನ ಮಾತು ಅದು" ಎಂದರಂತೆ.

ಅವರು ಮಾಡಿದ್ದು ದೊಡ್ಡದೇನಲ್ಲ. ಲೆಕ್ಕದ ಆಟ ನಿಲ್ಲಿಸಿದರು. ಕಟ್ಟೆ ಮೇಲೆ ಯಾರಾದರೂ ಮಗನ ತಲೆಗೆ ಮೊಟಕಿ "ಅವನ್ನ ನೋಡಿ ಕಲಿ" ಎಂದರೆ, "ಏಯ್, ಆ ಮಾತು ನಿಮ್ಮ ಮನೇಲಿ ಇಟ್ಕೋ, ಇಲ್ಲಿ ಬ್ಯಾಡ" ಎಂದು ಬಾಯಿ ಮುಚ್ಚಿಸಿದರು. ಉದ್ರಿ ಕೊಡುವ ಬಾಯಿ, ಎದುರಾಡುವವರು ಯಾರು? ಮತ್ತೆ, ಶಾಲೆ ಬಿಡುವ ಹೊತ್ತಿಗೆ ಸ್ಟೂಲನ್ನು ಒಳಗಿನಿಂದ ಹೊರಗೆ ಎಳೆದು ನಲ್ಲಿ ಕಾಣುವಂತೆ ಕೂತರು. ಎದುರು ಸಾಲಿನ ಟೈಲರಿಗೂ ಹೇಳಿದರು. ನಾರ್ವೆಯ ಕಾರ್ಯಕ್ರಮದಲ್ಲೂ ಮುಖ್ಯವಾದ ಒಂದು ಭಾಗ ಇದೇ: ಬಿಡುವಿನ ಹೊತ್ತಿನಲ್ಲಿ ಮೈದಾನದ ಮೇಲೆ ದೊಡ್ಡವರ ಕಣ್ಣು. ಓಣಿಯಲ್ಲಿ ಆ ಕಣ್ಣು ಇರುವುದು ಅಂಗಡಿಯವರಿಗೆ, ಟೈಲರಿಗೆ, ಸೈಕಲ್ ಶಾಪಿನವರಿಗೆ. ಬೆಳಗಿನಿಂದ ರಾತ್ರಿಯವರೆಗೆ ಬೀದಿ ನೋಡುತ್ತ ಕೂರುವವರು ಅವರೇ ಅಲ್ಲವೇ?

ಈ ಮಧ್ಯೆ ಓಣಿಯ ಒಬ್ಬ ಮುಖಂಡರು "ಪೊಲೀಸ್ ಸ್ಟೇಷನ್ನಿಗೆ ಎಳ್ಕೊಂಡು ಹೋಗಿ ಎರಡು ಬಿಡಿಸ್ರಿ" ಎಂದು ಸಲಹೆ ಕೊಟ್ಟರು. ಕಾನೂನು ಹಾಗಿಲ್ಲ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಹದಿನೆಂಟರೊಳಗಿನವರನ್ನು ಲಾಕಪ್ಪಿಗೆ ಹಾಕುವಂತಿಲ್ಲ. ಪ್ರತಿ ಠಾಣೆಯಲ್ಲೂ ಒಬ್ಬರು ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು. ಮಾತಾಡುವುದಾದರೆ ಅವರ ಹತ್ತಿರ. ಪೆಟ್ಟು ಬಿದ್ದು ಮಗುವಿನ ಜೀವಕ್ಕೇ ಅಪಾಯ ಅನ್ನಿಸಿದರೆ 1098 ಮಕ್ಕಳ ಸಹಾಯವಾಣಿ ಇದೆ, ಹಗಲು ರಾತ್ರಿ, ಕಾಸಿಲ್ಲ. ಮಗು ಊಟ ಬಿಟ್ಟು, ನಿದ್ದೆ ಬಿಟ್ಟು, ಮಾತೇ ಆಡದೆ ಕೂತರೆ 14416ಕ್ಕೆ ಫೋನು ಮಾಡಬಹುದು. ಮನಸ್ಸಿನ ಕಷ್ಟಕ್ಕೆಂದು 2022ರಲ್ಲಿ ಶುರುವಾದ ಟೆಲಿ ಮಾನಸ್ ಅದು, ಕನ್ನಡದಲ್ಲೇ ಮಾತಾಡುತ್ತಾರೆ. ಇಲ್ಲಿ ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ.

*ಎಂಟನೇ ಕ್ಲಾಸಿನವ*

ಗುಂಪಿಗೆ ಮುಂದಾಳಾಗಿದ್ದ ಎಂಟನೇ ಕ್ಲಾಸಿನ ಹುಡುಗನ ವಿಷಯ ಒಂದಿಷ್ಟು ಹೇಳಬೇಕು. ಅವನನ್ನು ರಾಕ್ಷಸ ಮಾಡಿ ಬರೆಯುವುದು ಸುಲಭ. ಭಾನುವಾರ ಅವನು ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಾನೆ. ಸೈಕಲ್ ಚೈನು, ಬ್ರೇಕು, ಟ್ಯೂಬು ಯಾವುದಾದರೂ ಅವನ ಕೈಗೆ ಕೊಟ್ಟರೆ ಹತ್ತು ನಿಮಿಷ. ಇದಕ್ಕೆ ಯಾವ ಕಟ್ಟೆ ಮೇಲೂ ಯಾರೂ ಪೆಪ್ಪರಮೆಂಟು ಕೊಟ್ಟಿಲ್ಲ. ಲೆಕ್ಕದ ಆಟ ನಡೆದ ಅಷ್ಟೂ ದಿನ ಕಟ್ಟೆ ಕೆಳಗೆ ಹೆಚ್ಚು ಮೊಟಕಿಸಿಕೊಂಡ ತಲೆ ಅವನದೇ.

ಹುಡುಗನ ತಾಯಿ ಎರಡನೇ ಸಲ ಅವನ ಮನೆಗೆ ಹೋದಾಗ ಕೂಗಾಡಲಿಲ್ಲ. ಅವನ ತಾಯಿಯೂ ಭಟ್ಟಿಯವರೇ. "ಯಕ್ಕಾ, ಇಬ್ರೂ ಒಂದೇ ಹೊಗೇಲಿ ಕೆಲ್ಸ ಮಾಡೋರು. ನಿನ್ನ ಮಗನ್ನ ಹೊಡೀಬ್ಯಾಡ. ನಮ್ಮನೇವ್ರ ಆಟೋ ಬ್ರೇಕು ಕೀರ್ ಅಂತೈತೆ, ಒಂದಿಷ್ಟು ನೋಡ್ಲಿ ಅಂತ ಹೇಳು" ಎಂದರು. ಎಂಟನೇ ಕ್ಲಾಸಿನವ ಎರಡು ವಾರ ಬರಲೇ ಇಲ್ಲ. ಮೂರನೇ ಭಾನುವಾರ ಬಂದು ಮಾತಿಲ್ಲದೆ ನೋಡಿ, ಮಾತಿಲ್ಲದೆ ಹೋದ. ಅವನು ಕ್ಷಮೆ ಕೇಳಲಿಲ್ಲ. ಆದರೆ ಕೈ ಮಾಡಲೂ ಇಲ್ಲ, ಮಾಡುವವರನ್ನು ಬಿಡಲೂ ಇಲ್ಲ.

ಮಾಡಿದ್ದೆಲ್ಲ ಕೈಹಿಡಿಯಿತು ಎಂದೇನಲ್ಲ. ಟೀಚರ್ ಒಂದು ಉಪಾಯ ಹೂಡಿದ್ದರು: ಓಣಿಯ ಕ್ರಿಕೆಟ್ಟಿನಲ್ಲಿ ಹುಡುಗ ಸ್ಕೋರ್ ಬರೆಯಲಿ, ಆಗ ಸೇರಿಸಿಕೊಳ್ಳುತ್ತಾರೆ ಎಂದು. ಎರಡನೇ ದಿನವೇ "ನಮ್ ಒಂದು ರನ್ ನುಂಗಿದೀಯ" ಎಂದು ಪುಸ್ತಕ ಹರಿದುಹೋಯಿತು. ಸರಿಯಾಗಿ ಬರೆದದ್ದೇ ತಪ್ಪಾಯಿತು. ಆ ಉಪಾಯವನ್ನು ಅಲ್ಲಿಗೇ ಕೈಬಿಟ್ಟರು.

ಇನ್ನೊಬ್ಬರು "ನವೋದಯ ಪರೀಕ್ಷೆ ಕಟ್ಟಿಸಿ, ಹಾಸ್ಟೆಲ್ಲಿಗೆ ಹೋಗಿಬಿಡ್ಲಿ, ಕಾಟ ತಪ್ಪುತ್ತೆ" ಎಂದರು. ನವೋದಯ ಒಳ್ಳೆಯದೇ. 1985-86ರಲ್ಲಿ ಶುರುವಾದ ಶಾಲೆಗಳು. ಐದನೇ ಕ್ಲಾಸಿನಲ್ಲಿರುವಾಗ ಪರೀಕ್ಷೆ, ಆರಕ್ಕೆ ಪ್ರವೇಶ, ಒಂದು ಶಾಲೆಗೆ ವರ್ಷಕ್ಕೆ ಹೆಚ್ಚೆಂದರೆ 80 ಮಕ್ಕಳು, ಅದರಲ್ಲಿ ಮುಕ್ಕಾಲು ಪಾಲು ಹಳ್ಳಿಯವರಿಗೆ. ಊಟ, ವಸತಿ, ಪುಸ್ತಕ ಎಲ್ಲ ಪುಕ್ಕಟೆ. ಪಟ್ಟಣದ ಮಕ್ಕಳಿಗೆ ಸೀಟು ಕಡಿಮೆಯೇ. ತಾಯಿಯ ಮಾತು ಬೇರೆ ಇತ್ತು: "ಪರೀಕ್ಷೆ ಕಟ್ಲಿ, ಸಿಕ್ರೆ ಓದೋಕೆ ಹೋಗ್ಲಿ. ಹೊಡೀತಾರೆ ಅಂತ ಮಾತ್ರ ಓಡ್ಸಲ್ಲ. ಅಲ್ಲೂ ಹುಡುಗ್ರು ಇರೋರೇ ಅಲ್ವಾ?" ಓದಿದವರಿಗೂ ಹೊಳೆಯದ ಮಾತು. ಜಾಗ ಬದಲಾದರೂ, ಬಾಯಿ ಮುಚ್ಚಿಕೊಂಡು ಸಹಿಸುವ ಅಭ್ಯಾಸ ಪೆಟ್ಟಿಗೆಯ ಜೊತೆಗೇ ಹೋಗುತ್ತದೆ. ಅವನಿಗೆ ಕಲಿಸಬೇಕಾದದ್ದು ಮನೆಗೆ ಬಂದು ಹೇಳುವುದನ್ನು. ಅದಕ್ಕೆ ತಂದೆಯೂ ಕಲಿಯಬೇಕಾಯಿತು. ಈಗ ಅವರು ರಾತ್ರಿ ಆಟೋ ನಿಲ್ಲಿಸಿ ಬಂದ ಮೇಲೆ "ಯಾರಾದ್ರೂ ಹೊಡೆದ್ರಾ?" ಎಂದು ಕೇಳುವುದಿಲ್ಲ. "ಇವತ್ತು ಯಾರ ಜೊತೆ ಇದ್ದೆ?" ಎಂದು ಕೇಳುತ್ತಾರೆ. ಉತ್ತರ ಬರುವವರೆಗೆ ಕಾಯುತ್ತಾರೆ. "ಒಂದು ಕೊಟ್ಟು ಬಾ" ಎನ್ನುವುದನ್ನು ಬಿಟ್ಟಿದ್ದಾರೆ. ನಾಲಿಗೆ ತುದಿಗೆ ಬಂದರೂ ನುಂಗುತ್ತಾರಂತೆ.

ಯಾರ ಜೊತೆ ಎಂದರೆ, ಆ ಏಳನೇ ಕ್ಲಾಸಿನ ಹುಡುಗಿಯ ಜೊತೆ. ಮುಂದಿನ ವರ್ಷ ಅವಳು ಎಂಟನೇ ಕ್ಲಾಸಿಗೆ. ಎನ್‌ಎಂಎಂಎಸ್ ಪರೀಕ್ಷೆ ಕಟ್ಟುವ ಆಸೆ. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ಇರುವ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಅದು. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ಎರಡನೇ ವರ್ಷದವರೆಗೆ ವರ್ಷಕ್ಕೆ 12,000 ರೂಪಾಯಿ. ಅದರಲ್ಲಿ ಬೌದ್ಧಿಕ ಸಾಮರ್ಥ್ಯದ ಪ್ರಶ್ನೆಗಳಿರುತ್ತವೆ: ಸಂಖ್ಯೆಗಳ ಸರಣಿ, ಮುಂದಿನದು ಯಾವುದು ಇತ್ಯಾದಿ. ಹುಡುಗನಿಗೆ ಅದು ಹಬ್ಬದೂಟ. ಅವಳಿಗೆ ಲೆಕ್ಕ ಹೇಳಿಕೊಡುತ್ತಾನೆ. ಅವಳು ಅವನಿಗೆ ಕನ್ನಡ ಪದ್ಯ ಬಾಯಿಪಾಠ ಮಾಡಿಸುತ್ತಾಳೆ, ಅದರಲ್ಲಿ ಅವನು ತೀರಾ ಸಾಧಾರಣ. ಪಕ್ಕದ ಮನೆಯ ಜಗುಲಿ ಮೇಲೆ ಕೂರುತ್ತಾರೆ. ಆ ಮನೆಯ ಅಜ್ಜ ದಾವಣಗೆರೆಯ ಹತ್ತಿ ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ ಗುಮಾಸ್ತರಾಗಿದ್ದವರು. ರೂಪಾಯಿ ಆಣೆ ಪೈಯ ಹಳೇ ಲೆಕ್ಕ ಹಾಕಿ ಹುಡುಗನನ್ನು ಸಿಕ್ಕಿಸುತ್ತಾರೆ. ಅವನು ತಪ್ಪು ಹೇಳಿದರೆ ಗಟ್ಟಿಯಾಗಿ ನಗುತ್ತಾರೆ, ಅವನೂ ನಗುತ್ತಾನೆ. ಹೊಗಳುವವರಿಲ್ಲದ, ಮೊಟಕುವವರೂ ಇಲ್ಲದ ಜಾಗ ಅವನಿಗೆ ಓಣಿಯಲ್ಲಿ ಸಿಕ್ಕಿದ್ದು ಇದೊಂದೇ.

ಕ್ರಿಕೆಟ್ಟಿಗೆ ಇನ್ನೂ ಕರೆಯುವುದಿಲ್ಲ. 'ಕ್ಯಾಲಿ' ಎಂಬ ಹೆಸರೂ ಹೋಗಿಲ್ಲ. ಅಂಗಡಿಯವರು ಮಾತ್ರ ಇವನನ್ನು ಹೆಸರು ಹಿಡಿದೇ ಕರೆಯುತ್ತಾರೆ.

ಕಳೆದ ತಿಂಗಳ ಕಿರುಪರೀಕ್ಷೆಯಲ್ಲಿ ಅವನಿಗೆ ಬಂದದ್ದು ಇಪ್ಪತ್ತೈದಕ್ಕೆ ಇಪ್ಪತ್ತಮೂರು. ಎರಡು ತಪ್ಪಿದ್ದವು. ಟೀಚರಿಗೆ ಎದೆ ಧಸಕ್ಕೆಂದಿತು, ಹಾಳೆಯನ್ನು ಕಿಟಕಿಯ ಬೆಳಕಿಗೆ ಒಯ್ದು ನೋಡಿದರು. ಒಂದರಲ್ಲಿ ಮೀಟರ್ ಎಂದಿದ್ದನ್ನು ಅವಸರದಲ್ಲಿ ಸೆಂಟಿಮೀಟರ್ ಎಂದು ಓದಿಕೊಂಡಿದ್ದ. ಇನ್ನೊಂದರಲ್ಲಿ ದಶಕ ಕೂಡಿಸುವುದನ್ನು ಮರೆತು 843 ಬರೆಯುವ ಕಡೆ 833 ಬರೆದಿದ್ದ. ಎರಡೂ ಯಾವ ಮಗುವಾದರೂ ಮಾಡುವ ತಪ್ಪುಗಳು. ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದು, ಹಾಳೆ ಮಡಚಿ, ಅವನ ಕೈಗೆ ಕೊಟ್ಟರು.